ಕಲ್ಲಬಾವಿಯ ಹನ್ನೊಂದು ಚೀಟಿಗಳು

2025ರ ಫೆಬ್ರುವರಿ 10, ಸೋಮವಾರ. ಬೆಳಿಗ್ಗೆ 10 ಗಂಟೆ 40 ನಿಮಿಷ. ಡಾ. ಮೃಣಾಲಿನಿ ಗಲಗಲಿ ಕಲ್ಲಬಾವಿ ಠಾಣೆಯ ಮೆಟ್ಟಿಲು ಹತ್ತಿದಾಗ ಪಿಎಸ್‌ಐ ರಾಚಪ್ಪ ಹಡಪದ ಹಾಜರಿ ಪುಸ್ತಕ ಮುಚ್ಚಿ ಎದ್ದು ನಿಂತ. ಇಂಡಿಯಿಂದ ಸಿಂದಗಿ ಕಡೆಗೆ ಹೋಗುವ ದಾರಿಯಲ್ಲಿರುವ ಆ ಊರಿನ ಸಮುದಾಯ ಆರೋಗ್ಯ ಕೇಂದ್ರಕ್ಕೆ ಅವರೊಬ್ಬರೇ ಡಾಕ್ಟರು. ಊರಿನಲ್ಲಿ ಅವರ ಕೈಯಿಂದ ಗುಳಿಗೆ ನುಂಗದ ಮನೆಯಿಲ್ಲ. ರಾಚಪ್ಪನ ಬಿಪಿ ಗುಳಿಗೆಯೂ ಅವರದೇ.

"ಕುಂಡ್ರಿ ಮೇಡಂ. ದಿನಾ ನಾವ ನಿಮ್ಮ ಬಾಗಲಿಗೆ ಬರೋರು. ನೀವ ನಮ್ಮ ಬಾಗಲಿಗೆ ಬಂದೀರಿ ಅಂದ್ರ ಏನೋ ಬಿರಸ ಆಗೇತಿ."

"ನನ್ನ ಹೆಸರಲೆ ಯಾರೋ ಚೀಟಿ ಬರಿಲಿಕ್ಕತ್ತಾರ್ರಿ," ಅಂದರು ಡಾಕ್ಟರು. ಕೈಚೀಲದಿಂದ ಹನ್ನೊಂದು ಝೆರಾಕ್ಸ್ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

ಆಯುಷ್ಮಾನ್ ಕಾರ್ಡ್ ಇದ್ದ ಬಡವರಿಗೆ ದೊಡ್ಡ ಆಪರೇಶನ್ ಖಾಸಗಿ ಆಸ್ಪತ್ರೆಯಲ್ಲಿ ಪುಕ್ಕಟೆ ಆಗಬೇಕಾದರೆ ಮೊದಲು ಸರ್ಕಾರಿ ಡಾಕ್ಟರು ಬರೆದುಕೊಟ್ಟ ಶಿಫಾರಸು ಚೀಟಿ ಬೇಕು. ಚೀಟಿ ಕೊಟ್ಟಾಗ ಕೇಂದ್ರದ ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು. ಯೋಜನೆಯ ಆಫೀಸಿನವರು ತಾಳೆ ನೋಡಿದಾಗ ನಾಲ್ಕು ತಿಂಗಳಲ್ಲಿ ಹನ್ನೊಂದು ಚೀಟಿ ರಿಜಿಸ್ಟರಿನಲ್ಲಿ ಇಲ್ಲವೇ ಇಲ್ಲ. ಹಾಳೆ ಕೇಂದ್ರದ್ದೇ, ಸಹಿ ಡಾಕ್ಟರದಂತೆಯೇ, ಒತ್ತಿದ ಮೊಹರು, ಅಂದರೆ ಸಿಕ್ಕಾ, ಕೂಡ.

"ಸಿಕ್ಕಾ ನೋಡ್ರಿ, ಅಂಚು ಒಡದದ," ಅಂದರು ಡಾಕ್ಟರು. "ಇದು ನಮ್ಮ ಹಳೇ ಸಿಕ್ಕಾ. ಒಡೀತಂತ ದಸರಾದ ಮುಂದ ಹೊಸಾದು ಮಾಡಿಸಿದ್ವಿ. ಹಳೇದು ಎಲ್ಲಿ ಹೋತೋ ನೆನಪಿಲ್ಲ."

"ಏಜೆಂಟರ ಕೆಲಸ ಇರಬೇಕು. ಬಡವರ ಕಡೆ ಇಷ್ಟಿಷ್ಟ ಅಂತ ಇಸ್ಕೊಂಡಿರತಾರ. ಆಪರೇಶನ್ ಎಲ್ಲಾರವೂ ಆಗ್ಯಾವೇನ್ರಿ?"

"ಹತ್ತು ಮಂದೀವು ಆಗ್ಯಾವ. ಉಳದಾಕಿ ಹೊನ್ನವ್ವ." ಡಾಕ್ಟರ ದನಿ ತಗ್ಗಿತು. "ಮೂವತ್ನಾಲ್ಕು ವಯಸ್ಸು. ಎದೀ ಒಳಗಿನ ಕವಾಟ ಬಿಗದದ. ವಿಜಯಪುರದ ಖಾಸಗಿ ಆಸ್ಪತ್ರ್ಯಾಗ ಮಲಗ್ಯಾಳ. ಇದ ಶುಕ್ರವಾರ ಹತ್ತಕ್ಕ ಆಪರೇಶನ್ ಇತ್ತು. ಈಗ ಮಂಜೂರಿ ತಡದಾರ."

"ನೀವ ಹೊಸಾ ಚೀಟಿ ಬರದ ಕೊಟ್ರ ಮುಗೀತಲ್ರಿ?"

"ಕೊಡಬ್ಯಾಡ ಅಂತ ಮ್ಯಾಲಿನವರ ಆರ್ಡರ್. ಈ ಹನ್ನೊಂದು ಮಂದಿ ಖರೇನ ರೋಗಿಗಳೋ, ರೊಕ್ಕದ ಆಟವೋ ಅಂತ ಪೊಲೀಸರು ತನಿಖಾ ಮಾಡಿ ಬರದು ಕೊಡೂತನಕಾ ನಾ ಪೆನ್ನು ಮುಟ್ಟಂಗಿಲ್ಲ. ಹೊನ್ನವ್ವನ್ನ ನಾ ಒಮ್ಮೆ ನೋಡೀನಿ. ಎಕೋ ಮಾಡಿಸಿಕೊಂಡು ಬಾ ಅಂದಿದ್ದೆ. ಮತ್ತ ನನ್ನ ಕಡೆ ಬರಲೇ ಇಲ್ಲ."

"ಶುಕ್ರವಾರ ತಪ್ಪಿದ್ರ?"

"ಆ ಸರ್ಜನ್ ತಿಂಗಳಿಗೊಮ್ಮೆ ಬರತಾರ. ಅಕಿ ಒಂದ ತಿಂಗಳು ತಡೀತಾಳಂತ ನಾ ಹೇಳಲಾರೆ."

11 ಗಂಟೆ 30 ನಿಮಿಷಕ್ಕೆ ಅಪರಾಧ ಸಂಖ್ಯೆ 17/2025 ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 318(4), 336(3), 340(2). ವಂಚನೆ, ವಂಚಿಸಲು ಖೊಟ್ಟಿ ದಾಖಲೆ ಸೃಷ್ಟಿ, ಅದನ್ನು ನಿಜವೆಂದು ಬಳಸಿದ್ದು. ಎಫ್‌ಐಆರ್ ಪ್ರತಿ ತೆಗೆದುಕೊಂಡು ಡಾಕ್ಟರು ಹೋದ ಮೇಲೆ ರಾಚಪ್ಪ ಗೋಡೆಯ ಕ್ಯಾಲೆಂಡರ್ ಇಳಿಸಿ ಹನ್ನೊಂದು ಚೀಟಿಗಳ ತಾರೀಖುಗಳನ್ನು ಒಂದೊಂದಾಗಿ ಗುರುತು ಹಾಕಿದ. ಎಲ್ಲವೂ ಮಂಗಳವಾರ, ಗುರುವಾರ, ಇಲ್ಲವೇ ಶನಿವಾರ.

ಹೆಡ್ ಕಾನ್ಸ್‌ಟೇಬಲ್ ಆಸಿಫ ಬಗ್ಗಿ ನೋಡಿದ. "ಈ ಮೂರೂ ದಿನ ಡಾಕ್ಟರಬಾಯಿ ಊರಾಗ ಇರೂದಿಲ್ಲಲ್ರಿ ಸಾಹೇಬ್ರ. ಚಡಚಣದ ಕಡೆ ಇನ್ನೊಂದ ಕೇಂದ್ರದ್ದೂ ಚಾರ್ಜ್ ಐತಿ."

"ಅದ ಮತ್ತ. ಬೆಕ್ಕ ಇಲ್ಲದ ದಿನಾ ನೋಡಿ ಇಲಿ ಹೊರಬಿದ್ದೈತಿ."

ರಾಚಪ್ಪ ಪೇದೆಯಾಗಿ ಸೇರಿ ಇಪ್ಪತ್ತಾರು ವರ್ಷ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ಎಂದು ಜಿಲ್ಲೆ ಸುತ್ತಿ, ಬಡ್ತಿಯ ಮೇಲೆ ಬಡ್ತಿ ಪಡೆದು ಕುರ್ಚಿಗೆ ಬಂದವನು. ಓದಿದ್ದು ಪಿಯುಸಿ, ಕಲಿತದ್ದು ಬೀದಿಯಲ್ಲಿ. ಕಳ್ಳನನ್ನು ಹಿಡಿಯಲು ವರ್ಷವಿದ್ದರೂ ಇರಲಿ, ಹೊನ್ನವ್ವನಿಗೆ ಇರುವುದು ನಾಲ್ಕೇ ದಿನ ಅನ್ನುವುದು ಅವನ ತಲೆಯಲ್ಲಿ ಮೊಳೆಯಂತೆ ಕೂತಿತು.

*

ಫೆಬ್ರುವರಿ 11, ಮಂಗಳವಾರ. 10 ಗಂಟೆ 15ಕ್ಕೆ ವಿಜಯಪುರದ ಆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಬ್ಬರು ಪಂಚರ ಎದುರು ಹನ್ನೊಂದೂ ಮೂಲ ಚೀಟಿಗಳ ಜಪ್ತಿ ಪಂಚನಾಮೆ ಶುರುವಾಯಿತು. ಕಲ್ಲಬಾವಿಯಲ್ಲಿ ನೋಡಿದ್ದು ಕಪ್ಪು ಬಿಳುಪಿನ ನಕಲು. ಇಲ್ಲಿ ಮೂಲ ಹಾಳೆ ಬಿಚ್ಚಿದರೆ ಮಡಿಕೆಯ ಮೂಲೆಯಲ್ಲಿ ಕೆಂಪು ಕಲೆ. ಎರಡನೆಯದರಲ್ಲೂ ಅದೇ. ನಾಲ್ಕನೆಯ ಫೈಲಿನಲ್ಲಿ ಪಿನ್ನಿನ ಕೆಳಗೆ ಒಂದು ಕೆಂಪು ಅಕ್ಕಿಕಾಳು ಸಿಕ್ಕಿಹಾಕಿಕೊಂಡಿತ್ತು.

"ಯಾರೋ ಪಲಾವ್ ತಿನಕೋತ ಬರದಾರ್ರಿ," ಅಂದ ಆಸಿಫ.

"ಒಂದರಾಗ ಸಿಕ್ಕರ ಊಟದ್ದು. ಎಲ್ಲಾದರಾಗೂ ಸಿಕ್ಕರ ದೇವರದ್ದು." ರಾಚಪ್ಪ ಕಾಳನ್ನು ಅಂಗೈ ಮೇಲೆ ಹೊರಳಿಸಿದ. ಮದುವೆಯ ಅಕ್ಕಿಕಾಳು ಹಳದಿ ಇರುತ್ತದೆ. ಇದು ಅರಿಷಿಣಕ್ಕೆ ಸುಣ್ಣ ಬೆರೆತ ಕೆಂಪು. ಮಠದಲ್ಲಿ ಸ್ವಾಮಿಗಳು ಕೈಗೆ ಹಾಕುವ ಮಂತ್ರಾಕ್ಷತೆ. "ಪರೀಕ್ಷಾಕ್ಕ ಹೋಗೋರಿಗೆ, ದೂರ ಊರಿಗೆ ಹೋಗೋರಿಗೆ ಹಿರೇರು ಇದನ್ನ ಕಟ್ಟಿ ಕೊಡತಾರ. ಏಜೆಂಟ ಯಾಕ ಕೊಡತಾನೋ ಆಸಿಫಾ?"

"ಒಳ್ಳೇ ಏಜೆಂಟ ಇರಬೇಕ್ರಿ."

ಹತ್ತು ಚೀಟಿಯಲ್ಲಿ ಕಲೆಯಿತ್ತು. ಒಂದರಲ್ಲಿ ಇರಲಿಲ್ಲ. ಅದು ತಾಂಬಾದ ರಾಜಬಿ ಎನ್ನುವವಳದು. ಪಂಚರ ಸಹಿಯಾಗಿ ಪಂಚನಾಮೆ ಮುಗಿದಾಗ 11 ಗಂಟೆ 50.

ಹೊನ್ನವ್ವ ಎರಡನೆಯ ಮಹಡಿಯ ವಾರ್ಡಿನಲ್ಲಿ ಮೂರು ದಿಂಬಿಗೆ ಒರಗಿ ಕೂತಿದ್ದಳು. ಅಡ್ಡ ಮಲಗಿದರೆ ಉಸಿರು ಕಟ್ಟುತ್ತಿತ್ತು. ಖಾಕಿ ಕಂಡೊಡನೆ ಸೆರಗು ತಲೆಗೆಳೆದುಕೊಂಡಳು. ಗಂಡ ಎದ್ದು ಗೋಡೆಗೆ ಅಂಟಿ ನಿಂತ.

"ಅಂಜಬ್ಯಾಡ ತಂಗಿ," ಅಂದ ರಾಚಪ್ಪ, ಸ್ಟೂಲು ಎಳೆದುಕೊಂಡು. "ಈ ಚೀಟಿ ಯಾರ ಕೊಟ್ರು?"

"ಕೊಟ್ಟಾವ್ರು ಕೊಟ್ರು."

"ಎಷ್ಟ ರೊಕ್ಕ ಇಸ್ಕೊಂಡ್ರು?"

"ಒಂದ ಪೈಸಾ ಇಲ್ರಿ. ದೇವರಾಣಿ."

"ಹಂಗಿದ್ರ ಹೆಸರ ಹೇಳಾಕ ಏನವ್ವ?"

ಹೊನ್ನವ್ವ ಉಸಿರು ಎಳೆದುಕೊಂಡು, ಒಂದೊಂದು ಮಾತಿಗೆ ನಿಂತು ನಿಂತು ಹೇಳಿದಳು. "ಮೊದಲ ಬಾಡಿಗಿ ಗಾಡ್ಯಾಗ ಹೋಗಿ ಡಾಕ್ಟರಿಗೆ ತೋರಿಸಿದ್ದೆ. ಎಕೋ ಮಾಡಿಸಿಕೊಂಡು ಹೋದ್ರ ಡಾಕ್ಟರ ಇರಲಿಲ್ಲ. ಮತ್ತ ಹೋದೆ, ಮತ್ತ ಇರಲಿಲ್ಲ. ನಮ್ಮ ಊರಿಂದ ಬಸ್ಸ ಇರೂದ ಗುರುವಾರ, ಸಂತಿ ದಿನಾ ಅಷ್ಟ. ಮೂರನೇ ಸಲ ಹೋದಾಗ ಚೀಟಿ ಸಿಕ್ತು. ಕೊಟ್ಟಾವ್ರ ಹೆಸರ ಹೇಳಿ ಬದುಕಿದ್ರ ಆ ಜೀವಾ ನನಗ ದಕ್ಕತೈತೇನ್ರಿ ಸಾಹೇಬ್ರ?"

ಗಂಡ ಕೈಮುಗಿದ. "ಶುಕ್ರವಾರ ಆಗತೈತೇನ್ರಿ ಆಪರೇಶನ್? ಯಾರೂ ಬಾಯಿ ಬಿಡವಲ್ರು."

ಆಗುತ್ತದೆ ಎನ್ನಲು ರಾಚಪ್ಪನಿಗೆ ಅಧಿಕಾರವಿರಲಿಲ್ಲ. ಆಗುವುದಿಲ್ಲ ಎನ್ನಲು ನಾಲಿಗೆ ಬರಲಿಲ್ಲ. "ಊಟಾ ಮಾಡೀರೇನು?" ಎಂದು ಕೇಳಿ ಎದ್ದ. ವಾರ್ಡಿನ ಡಾಕ್ಟರಿಂದ ರೋಗ ನಿಜ ಎನ್ನುವ ಹೇಳಿಕೆ ಬರೆಸಿಕೊಂಡ. ಆಪರೇಶನ್ ಆಗಿಹೋದ ಹತ್ತು ಜನರ ಕಾಗದಗಳನ್ನೂ ನೋಡಿ, ಅವೂ ಖರೇ ಎಂದು ಬರೆಸಿಕೊಂಡ.

*

ಫೆಬ್ರುವರಿ 12, ಬುಧವಾರ. 9 ಗಂಟೆಗೆ ಠಾಣೆ ತೆರೆದ ಕೂಡಲೇ ಆರೋಗ್ಯ ಕೇಂದ್ರದ ಎದುರಿನ ಆನ್‌ಲೈನ್ ಅಂಗಡಿಯ ಅನಿಲನನ್ನು ಕರೆಸಲಾಯಿತು. ಆಯುಷ್ಮಾನ್ ಕಾರ್ಡ್, ಪಹಣಿ, ಆಧಾರ್ ತಿದ್ದುಪಡಿ ಎಲ್ಲ ಅವನ ಕಡೆಯೇ. ಊರಿನ ಅರ್ಧ ಜನರ ಬೆರಳ ಗುರುತು ಅವನ ಯಂತ್ರದಲ್ಲಿತ್ತು.

"ಚೀಟಿ ನೀ ಬರದಿ?"

"ನನ್ನ ಅಕ್ಷರ ನೋಡೀರೇನ್ರಿ ಸರ? ಕೋಳಿ ಕೆದರಿದಂಗ ಅದಾವು. ಅದಕ್ಕ ಕಂಪ್ಯೂಟರ್ ಅಂಗಡಿ ಇಟ್ಟೀನಿ."

"ಕಾರ್ಡಿಗೆ ಎಷ್ಟ ತಗೋತಿ?"

"ಸರ್ಕಾರದ ರೇಟಿಗಿಂತ ಹತ್ತ ರೂಪಾಯಿ ಹೆಚ್ಚ." ಅನಿಲ ತಲೆ ಕೆರೆದುಕೊಂಡ. "ಚಾ ಖರ್ಚಿಗ್ರಿ."

"ಆ ಚಾ ಇವತ್ತಿಂದ ಬಿಡು. ಈ ಹನ್ನೊಂದು ಮಂದಿ ಚೀಟಿ ತಗೊಂಡ ಬಂದಾಗ ಎಲ್ಲಿಂದ ಬಂದ್ರು?"

"ದವಾಖಾನಿ ಗೇಟಿನಿಂದ ಹೊರಗ ಬರತಿದ್ರು. ಮುಖಾ ತೊಳಕೊಂಡಂಗ ಹಗರ ಆಗಿ ಬರತಿದ್ರು. ನನಗ ಅಷ್ಟ ಗೊತ್ತು."

ಅಂಗಡಿ ಶೋಧಿಸಿದರು. ಖಾಲಿ ಚೀಟಿಯ ಪುಸ್ತಕವಿಲ್ಲ, ಸಿಕ್ಕಾ ಇಲ್ಲ. ಬರೆಸಿ ನೋಡಿದ ಅಕ್ಷರ ಖರೇನೇ ಕೋಳಿ ಕೆದರಿದಂತಿತ್ತು. ಹೇಳಿಕೆ ಪಡೆದು ಕಳಿಸಿದರು.

10 ಗಂಟೆ 45ಕ್ಕೆ ಜೀಪು ತಾಂಬಾ ಮುಟ್ಟಿತು. ರಾಜಬಿಗೆ ಡಿಸೆಂಬರಿನಲ್ಲಿ ಗರ್ಭಕೋಶದ ಗಡ್ಡೆ ತೆಗೆದಿದ್ದರು. ಈಗ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ನಾಲ್ಕು ಪ್ರಶ್ನೆಗೆ ನಾಲ್ಕು ಸಲ "ನಂಗೊತ್ತಿಲ್ರಿ" ಎಂದಳು. ರಾಚಪ್ಪ ಎದ್ದು ಹೊರಟವನಂತೆ ಮಾಡಿ ತಿರುಗಿದ.

"ಅಲ್ಲಬೇ ರಾಜಬಿ, ಹತ್ತೂ ಮಂದಿ ಚೀಟ್ಯಾಗ ದೇವರ ಅಕ್ಕಿಕಾಳ ಕಟ್ಟಿ ಕೊಟ್ಟಾರ. ನಿನ್ನ ಚೀಟ್ಯಾಗ ಒಂದ ಕಾಳೂ ಇಲ್ಲ. ನಿನಗ ಯಾಕ ಹಿಂಗ ಭೇದ ಮಾಡಿದ್ರು?"

ರಾಜಬಿಯ ಮುಖ ಕೆಂಪಾಯಿತು. "ಯಾರ ಅಂದ್ರು ಭೇದ ಮಾಡಿದ್ರಂತ? 'ನಿಮ್ಮೊಳಗ ಇದು ನಡೀತದೋ ಇಲ್ಲೋ, ನಿನ್ನ ದೇವರ ಹೆಸರ ತಗೊಂಡು ಹೋಗವ್ವಾ' ಅಂತ ನನ್ನ ತಲೀ ಮ್ಯಾಲೆ ಕೈ ಇಟ್ಟ ಕಳಿಸಿದ್ರು ಆ ಬಾಯಾರು! ಅಷ್ಟ ವಿಚಾರ ಯಾರ ಮಾಡ್ತಾರ್ರಿ ಈಗಿನ ಕಾಲದಾಗ?"

ಹೇಳಿ ಮುಗಿಸಿದ ಮೇಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆಸಿಫ ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ರಾಚಪ್ಪ ಅವನ ಭುಜ ಅದುಮಿದ. ಬಾಯಿಂದ ಬಿದ್ದದ್ದನ್ನು ಆರಿಸಿಕೊಂಡರೆ ಸಾಕು, ಬಾಯೊಳಗೆ ಕೈ ಹಾಕಬಾರದು ಅನ್ನುವುದು ಅವನು ಬೀದಿಯಲ್ಲಿ ಕಲಿತ ಪಾಠ.

ಜೀಪು ಕಲ್ಲಬಾವಿಯ ಕಡೆ ತಿರುಗಿತು. ರಾಚಪ್ಪ ಮನಸ್ಸಿನಲ್ಲೇ ಒಂದೊಂದಾಗಿ ಕೂಡಿಸಿದ. ಹೆಂಗಸು. ವಯಸ್ಸಾದವರು. ಮಠದ ಮಂತ್ರಾಕ್ಷತೆ ಮನೆಯಲ್ಲಿ ಇಟ್ಟುಕೊಳ್ಳುವವರು. ದವಾಖಾನೆ ಗೇಟಿನ ಒಳಗೇ ಇರುವವರು. ಡಾಕ್ಟರು ಊರಲ್ಲಿಲ್ಲದ ದಿನ ಮನೆಯಲ್ಲಿ ಇರುವವರು.

"ಸಾಹೇಬ್ರ," ಅಂದ ಆಸಿಫ ಕೊನೆಗೆ, "ನನಗ ಬಂದ ವಿಚಾರನ ನಿಮಗೂ ಬಂದೈತೇನ್ರಿ?"

"ಬಂದೈತಿ. ಬರಬಾರದಿತ್ತು."

*

ಆ ದಿನ ಡಾಕ್ಟರು ಊರಲ್ಲಿರುವ ದಿನ. ಮಧ್ಯಾಹ್ನ 12 ಗಂಟೆ 50ಕ್ಕೆ ಕೇಂದ್ರದ ಹೊರಗೆ ಇನ್ನೂ ಮೂವತ್ತು ಜನ ಕೂತಿದ್ದರು. ರಾಚಪ್ಪ ಒಳಗೆ ಹೋಗಿ ಬಾಗಿಲು ಸರಿಸಿ, ಮೂಲ ಚೀಟಿಗಳ ಲಕೋಟೆ ಬಿಚ್ಚಿ ಹೊನ್ನವ್ವನ ಚೀಟಿಯನ್ನು ಮುಂದಿಟ್ಟ. ಪ್ಲಾಸ್ಟಿಕ್ ಚೀಲದಲ್ಲಿದ್ದ ಅಕ್ಕಿಕಾಳನ್ನು ಅದರ ಪಕ್ಕದಲ್ಲಿಟ್ಟ.

ಡಾ. ಮೃಣಾಲಿನಿ ಕಾಳನ್ನು ನೋಡಿದರು. ಸ್ಟೆತಸ್ಕೋಪ್ ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಒಂದೊಂದು ಹಾಲ್‌ಟಿಕೆಟ್‌ನ್ಯಾಗೂ ಹಿಂಗ ಇರತಿದ್ವು," ಅಂದರು. "ಹತ್ತನೇತ್ತೆಯಿಂದ ಎಂಬಿಬಿಎಸ್ ತನಕಾ."

"ನಾ ಏನೂ ಹೇಳಿಲ್ರಿ ಮೇಡಂ."

"ನೀವು ಹೇಳಬೇಕಾಗಿಲ್ಲ. ನನ್ನ ಅವ್ವ."

ಹೊರಗೆ ಯಾರದೋ ಕೂಸು ಅಳುತ್ತಿತ್ತು. ರಾಚಪ್ಪ ಚೀಟಿಯನ್ನು ಅವರ ಕಡೆ ತಳ್ಳಿದ. "ಅದು ಆಮ್ಯಾಲೆ. ಮೊದಲ ಇದನ್ನ ಓದ್ರಿ. ಬರದದ್ದು ಸರಿ ಐತೇನು, ಡಾಕ್ಟರಾಗಿ ಹೇಳ್ರಿ. ನಾ ಇವತ್ತ ಯೋಜನೆ ಆಫೀಸಿಗೆ ವರದಿ ಕಳಸಬೇಕು."

ಡಾಕ್ಟರು ಓದಿದರು. ರೋಗದ ಹೆಸರು ಸರಿ. ಎಕೋ ಸರಿ. ನಾಡಿ, ಬಿಪಿ ತಾವೇ ಮೊದಲ ಸಲ ಬರೆದದ್ದು, ಸರಿ. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. 'ಒಗ್ಗದ ಔಷಧ' ಎನ್ನುವಲ್ಲಿ 'ಇಲ್ಲ' ಎಂದು ಬರೆದಿತ್ತು.

"ಇದು ತಪ್ಪು," ಅಂದರು. ಕುರ್ಚಿ ಹಿಂದಕ್ಕೆ ಜಾರಿತು. "ಝೆರಾಕ್ಸ್‌ನ್ಯಾಗ ನಾ ಸಹಿ, ಸಿಕ್ಕಾ ಅಷ್ಟ ನೋಡಿದ್ದೆ. ಹೊನ್ನವ್ವಗ ಪೆನ್ಸಿಲಿನ್ ಒಗ್ಗಂಗಿಲ್ಲ. ಚುಚ್ಚಿ ನೋಡಿದಾಗ ಮೈಯೆಲ್ಲಾ ದದ್ದು ಎದ್ದು ಉಬ್ಬಸ ಬಂದಿತ್ತು. ನಾ ಅದನ್ನ ಇಂಜೆಕ್ಷನ್ ರಿಜಿಸ್ಟರ್‌ನ್ಯಾಗ ಬರದೆ, ಅಕಿ ಚೀಟಿ ಮ್ಯಾಲೆ ಬರೀಲಿಲ್ಲ. ಅವ್ವಗ ಹ್ಯಾಂಗ ಗೊತ್ತಾಗಬೇಕು?"

ಆಗಲೇ ಅವರು ಫೋನ್ ಒತ್ತಿದ್ದರು. ವಿಜಯಪುರದ ವಾರ್ಡಿಗೆ ತಲುಪಲು ಮೂರು ಕಡೆ ತಿರುಗಬೇಕಾಯಿತು. ಅಷ್ಟೂ ಹೊತ್ತು ರಾಚಪ್ಪ ಕೂತಲ್ಲಿಂದ ಅಲ್ಲಾಡಲಿಲ್ಲ. ಬುಧವಾರ ಸಂಜೆಯಿಂದ ಶುರು ಮಾಡಬೇಕೆಂದು ಬರೆದಿಟ್ಟಿದ್ದ ಔಷಧಿಯಲ್ಲಿ ಅದೇ ಜಾತಿಯದೊಂದು ಇತ್ತಂತೆ. ವಾರ್ಡಿನವರು ಅದನ್ನು ಹೊಡೆದುಹಾಕಿ ಬೇರೆ ಬರೆದರು. ಹೊನ್ನವ್ವನ ಫೈಲಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ್ದನ್ನು ಡಾಕ್ಟರು ಫೋನಿನಲ್ಲೇ ಎರಡು ಸಲ ಓದಿಸಿ ಕೇಳಿದರು.

1 ಗಂಟೆ 25. ರಾಚಪ್ಪ ಅಲ್ಲೇ ಕೂತು ವರದಿ ಬರೆದ: 'ಹನ್ನೊಂದೂ ಜನ ನಿಜವಾದ ರೋಗಿಗಳು. ಹಣದ ವ್ಯವಹಾರ ಕಂಡುಬಂದಿಲ್ಲ. ಹೊನ್ನವ್ವಳಿಗೆ ಹೊಸ ಶಿಫಾರಸು ಚೀಟಿ ಕೊಡಲು ತನಿಖೆಯಿಂದ ಅಡ್ಡಿಯಿಲ್ಲ.' ಆಸಿಫ ಅದರ ಫೋಟೋ ತೆಗೆದು ಯೋಜನೆಯ ಆಫೀಸಿಗೆ ಕಳಿಸಿದ, ಮೂಲ ಪ್ರತಿಯನ್ನು ಕೈಯಲ್ಲೇ ಕಳಿಸುವ ವ್ಯವಸ್ಥೆ ಮಾಡಿದ. ಡಾಕ್ಟರು ಹೊಸ ಚೀಟಿ ಬರೆದರು, ರಿಜಿಸ್ಟರಿನಲ್ಲಿ ಹೆಸರು ಏರಿಸಿದರು.

"ಈಗ ಹೋಗ್ರಿ," ಅಂದರು, ರಾಚಪ್ಪನ ಮುಖ ನೋಡದೆ. "ಅವ್ವ ಮನ್ಯಾಗ ಇದ್ದಾಳ."

*

ಕೇಂದ್ರದ ಹಿಂದೆಯೇ ಡಾಕ್ಟರ ಕ್ವಾರ್ಟರ್ಸ್. 2 ಗಂಟೆ 5 ನಿಮಿಷಕ್ಕೆ ರಾಚಪ್ಪ, ಆಸಿಫ, ಮಹಿಳಾ ಪೇದೆ ರಾಜೇಶ್ವರಿ ಮತ್ತು ಇಬ್ಬರು ಪಂಚರು ಅಲ್ಲಿಗೆ ಹೋದರು. ಸಾವಿತ್ರೀಬಾಯಿ ಗಲಗಲಿ, ವಯಸ್ಸು 71, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಬಾಗಿಲಲ್ಲೇ ನಿಂತಿದ್ದರು.

"ಬರ್ರಿ, ಒಳಗ ಬರ್ರಿ. ಸೋಮವಾರದಿಂದ ನಿಮ್ಮ ಜೀಪಿನ ಸಪ್ಪಳ ಕೇಳ್ಲಿಕ್ಕತ್ತೀನಿ. ಮಜ್ಜಿಗಿ ಕುಡೀತೀರೇನು?"

"ಕೆಲಸದ ಮ್ಯಾಲೆ ಬಂದೀನ್ರಿ ಅಕ್ಕೋರ."

"ಕೆಲಸದ ಮ್ಯಾಲೆ ಬಂದವರಿಗೂ ನೀರಡಿಕಿ ಆಗತದ."

ರಾಜೇಶ್ವರಿ ಮಜ್ಜಿಗೆ ಲೋಟ ತೆಗೆದುಕೊಳ್ಳಲೋ ಬೇಡವೋ ಎಂದು ಸಾಹೇಬರ ಮುಖ ನೋಡಿದಳು. ರಾಚಪ್ಪ ಲಕೋಟೆ ಬಿಚ್ಚಿದ.

"ಇವನ್ನ ಬರದಾವ್ರು ಯಾರ್ರಿ?"

"ನಾನ."

"ಹನ್ನೊಂದೂ?"

"ಹನ್ನೊಂದೂ."

"ಸಿಕ್ಕಾ?"

"ಒಡದದ್ದಂತ ಮೃಣಾಲಿನಿ ಕಸದಾಗ ಒಗದಿದ್ಲು. ಸರ್ಕಾರದ್ದು ಹಂಗ ಒಗೀಬಾರದಂತ ಎತ್ತಿಟ್ಟೆ. ಚೀಟಿ ಪುಸ್ತಕಾ ಮನ್ಯಾಗ ಒಂದು ಇರತದ, ಹೊತ್ತಲ್ಲದ ಹೊತ್ತಿನಾಗ ಬಂದವರಿಗೆ ಬರೀಲಿಕ್ಕೆ."

"ಸಹಿ ಕಲಿಯಾಕ ಎಷ್ಟ ದಿನಾ ಹಿಡೀತ್ರಿ?"

ಸಾವಿತ್ರೀಬಾಯಿ ನಕ್ಕರು. "ಅಕಿ ಕೈ ಹಿಡದು ಅಕ್ಷರಾ ತಿದ್ದಿಸಿದಾಕಿ ನಾನು. ಅಕಿ ಸಹಿ ನನ್ನ ಕೈಯಾಗಿಂದನ ಹೋಗಿದ್ದು."

"ನೀವು ಡಾಕ್ಟರಲ್ಲ. ರೋಗ ಹ್ಯಾಂಗ ತಿಳೀತ್ರಿ?"

"ಮೊದಲನೇ ಸಲ ಮಗಳು ನೋಡಿ ಬರದದ್ದು ಅವರ ಕೈಯಾಗ ಇರತಿತ್ತು. ರಿಪೋರ್ಟ್ ಇರತಿತ್ತು. ಅಕಿ ಊರಾಗ ಇದ್ದಿದ್ರ ಏನು ಬರೀತಿದ್ಲೋ ಅದನ್ನ ನಾ ಇಳಿಸಿ ಬರದೆ. ಅಕಿ ನೋಡಲಾರದವರಿಗೆ ಒಂದಕ್ಷರ ಬರದಿಲ್ಲ. ಕೇಳ್ರಿ ಯಾರನ್ನ ಬೇಕಾದ್ರ."

"ಏನರೆ ಇಸ್ಕೊಂಡ್ರಿ?"

"ಒಬ್ಬಾಕಿ ಸೇರು ಕುಸುಬಿ ತಂದಿದ್ಲು. ಬೈದು ಹೊಳ್ಳಿ ಕಳಿಸಿದೆ." ಅವರ ದನಿಯಲ್ಲಿ ಹೆಮ್ಮೆಯಿತ್ತು. "ಎಲ್ಲಾರೂ ಆರಾಮ ಆಗ್ಯಾರಲ್ರಿ?"

"ಹತ್ತು ಮಂದಿ ಆಗ್ಯಾರ." ರಾಚಪ್ಪ ಹೊನ್ನವ್ವನ ಚೀಟಿ ಕೈಗೆತ್ತಿಕೊಂಡ. ಹೇಳದೆ ಬಿಡಬಹುದಿತ್ತು. ಆದರೆ ವಿಷಯ ಮುಚ್ಚಿಟ್ಟು ಈ ಮುದುಕಿಗೆ ದಯೆ ತೋರಿದರೆ ಅದು ದಯೆಯಲ್ಲ ಅನ್ನಿಸಿತು. "ಹೊನ್ನವ್ವಗ ಒಂದ ಔಷಧ ಒಗ್ಗೂದಿಲ್ಲ. ಅದು ನಿಮ್ಮ ಮಗಳ ರಿಜಿಸ್ಟರಿನ್ಯಾಗ ಇತ್ತು, ಅಕಿ ಚೀಟ್ಯಾಗ ಇರಲಿಲ್ಲ. ನೀವು 'ಇಲ್ಲ' ಅಂತ ಬರದೀರಿ. ಇವತ್ತ ಸಂಜಿಗೆ ಅದನ್ನ ಕೊಡೋರಿದ್ರು."

ಸಾವಿತ್ರೀಬಾಯಿ ಗೋಡೆ ಹಿಡಿದು ನೆಲದ ಮೇಲೆ ಕೂತರು. ರಾಜೇಶ್ವರಿ ಪಕ್ಕದಲ್ಲಿ ಕೂತು ಬೆನ್ನಿಗೆ ಕೈ ಕೊಟ್ಟಳು.

"ಅಕಿ ಈಗ?"

"ಮಗಳು ಫೋನ್ ಮಾಡಿ ತಡದಾರ. ಏನೂ ಆಗಿಲ್ಲ."

"ಖಾಲಿ ಜಾಗಾ ಕಂಡ್ರ ತುಂಬೂದು ನನಗ ರೂಢಿ," ಅಂದರು ಅವರು. "ಸಾಲ್ಯಾಗೂ ಹಂಗ. ಹಾಜರಿ ಪುಸ್ತಕದಾಗ ಒಂದ ಮನೀ ಖಾಲಿ ಬಿಡತಿರಲಿಲ್ಲ. ಗೊತ್ತಿಲ್ಲ ಅಂತ ಬರಿಯೋ ಬದಲಿಗೆ ಇಲ್ಲ ಅಂತ ಬರದೆ."

ರಾಚಪ್ಪ ಚೀಟಿಗಳನ್ನು ಲಕೋಟೆಗೆ ಸೇರಿಸಿದ.

"ಅಕ್ಕೋರ, ಏಳು ವರ್ಷದೊಳಗಿನ ಶಿಕ್ಷಾದ ಕೇಸು. ನೋಟಿಸ್ ಕೊಟ್ಟು ಹೋದ್ರೂ ಕಾನೂನಿನ್ಯಾಗ ನಡೀತೈತಿ. ನಿಮ್ಮ ವಯಸ್ಸು ನೋಡಿ..."

"ಬ್ಯಾಡ." ಅವರು ಸೆರಗು ಸರಿಮಾಡಿಕೊಂಡು ಎದ್ದರು. "ಡಾಕ್ಟರ ಅವ್ವ ಅಂತ ಬಿಟ್ರು ಅಂತ ನಾಳೆ ಊರು ಆಡ್ಕೋತದ. ಅಕಿ ಇದ ಊರಾಗ ಕೆಲಸಾ ಮಾಡಬೇಕು. ಬ್ಯಾರೆಯವರನ್ನ ಹ್ಯಾಂಗ ಒಯ್ಯತೀರಿ, ನನ್ನನ್ನೂ ಹಂಗ ಒಯ್ಯರಿ."

2 ಗಂಟೆ 30ರಿಂದ 3 ಗಂಟೆ 5ರವರೆಗೆ ಮನೆಯಲ್ಲಿ ಪಂಚನಾಮೆ ನಡೆಯಿತು. ಅಂಚೊಡೆದ ಸಿಕ್ಕಾ ಒಂದು, ಅರ್ಧ ಬಳಸಿದ ಚೀಟಿ ಪುಸ್ತಕ ಒಂದು, ನೀಲಿ ಶಾಯಿಯ ಪೆನ್ನು ಎರಡು ಜಪ್ತಾದವು. 3 ಗಂಟೆ 10ಕ್ಕೆ ರಾಜೇಶ್ವರಿ ಬಂಧನ ಪತ್ರ ತುಂಬತೊಡಗಿದಳು. ಹೆಸರು, ವಯಸ್ಸು, ಸ್ಥಳ. ಮುಂದಿನ ಸಾಲಿಗೆ ಬಂದು ಪೆನ್ನು ಎತ್ತಿದಳು.

"ಸರ, ಬಂಧನದ ಸುದ್ದಿ ಯಾವ ಸಂಬಂಧಿಕರಿಗೆ ತಿಳಿಸೀವಿ ಅಂತ ಬರೀಬೇಕು. ಸಹಿನೂ ಬೇಕು."

"ನನಗ ಇರಾಕಿ ಒಬ್ಬಾಕಿನ," ಅಂದರು ಸಾವಿತ್ರೀಬಾಯಿ.

ಆಸಿಫ ಹೋಗಿ ಡಾಕ್ಟರನ್ನು ಕರೆತಂದ. ಅವರು ಅಂಗಳ ದಾಟಿ ಬಂದು ಬಾಗಿಲಲ್ಲೇ ನಿಂತರು.

"ಅವ್ವಾ, ನನಗ ಒಂದ ಮಾತು ಹೇಳಬೇಕಿತ್ತು."

"ಹೇಳಿದ್ರ ಬ್ಯಾಡಂತಿದ್ದಿ."

"ಹೌದು, ಅಂತಿದ್ದೆ."

"ಅದಕ್ಕ ಹೇಳಲಿಲ್ಲ. ಸಾರು ಮಾಡಿಟ್ಟೀನಿ, ಬಿಸಿ ಮಾಡ್ಕೋ. ಹೊರಗ ಪೇಷಂಟ್ ಕುಂತಾರೇನು?"

"ಹದಿನೆಂಟು ಮಂದಿ."

"ಮತ್ತ ಇಲ್ಲೇನು ನಿಂತೀದಿ? ಸಹಿ ಮಾಡಿ ಹೋಗು."

ಡಾ. ಮೃಣಾಲಿನಿ ಸಹಿ ಮಾಡಿದರು. ಎರಡು ದಿನದ ಹಿಂದೆ ಅದೇ ಪ್ರಕರಣದ ಕಾಗದದ ಮೇಲೆ 'ಫಿರ್ಯಾದಿ' ಎನ್ನುವಲ್ಲಿ ಮಾಡಿದ ಸಹಿಯನ್ನೇ ಇಲ್ಲಿ 'ಸಂಬಂಧ' ಎನ್ನುವಲ್ಲಿ 'ಮಗಳು' ಎಂದು ಬರೆದು ಅದರ ಮುಂದೆ ಮಾಡಿದರು. ಆಮೇಲೆ ತಾಯಿಯ ಕಾಲು ಮುಟ್ಟಿ, ಬಂದ ದಾರಿಯಲ್ಲೇ ಹೋದರು. ನೆಟ್ಟಗೆ ನಡೆದರು. ಕೇಂದ್ರದ ಬಾಗಿಲ ಹತ್ತಿರ ಮಾತ್ರ ಸ್ವಲ್ಪ ನಿಂತು, ಕಣ್ಣೊರೆಸಿಕೊಂಡು, ಒಳಗೆ ಹೋದರು.

*

ಆರೋಪಿಯನ್ನು 4 ಗಂಟೆ 40ಕ್ಕೆ ಇಂಡಿಯ ನ್ಯಾಯಾಲಯದಲ್ಲಿ ಹಾಜರುಪಡಿಸಲಾಯಿತು. ಸರ್ಕಾರಿ ವಕೀಲರು ತಕರಾರು ಮಾಡಲಿಲ್ಲ. ಜಾಮೀನು ಸಿಕ್ಕಿತು. ಮಂಜೂರಿ ಗುರುವಾರ ಮಧ್ಯಾಹ್ನ ಬಂತು. ಶುಕ್ರವಾರ 10 ಗಂಟೆ 20ಕ್ಕೆ ಹೊನ್ನವ್ವನನ್ನು ಒಳಗೆ ತೆಗೆದುಕೊಂಡರು. 3 ಗಂಟೆಗೆ ಅವಳ ಗಂಡ ಠಾಣೆಗೆ ಫೋನ್ ಮಾಡಿದ. ಫೋನಿನಲ್ಲಿ ಅಳತೊಡಗಿದ. ರಾಚಪ್ಪ ಗಾಬರಿಯಾಗಿ ಎರಡು ಸಲ ಕೇಳಿದ ಮೇಲೆ, "ಕಣ್ಣ ತೆರದಾಳ್ರಿ, ನೀರ ಕೇಳ್ಯಾಳ್ರಿ," ಅಂದ.

ಮಾರ್ಚ್ 20ರಂದು ದೋಷಾರೋಪಣ ಪಟ್ಟಿ ಸಿದ್ಧವಾಯಿತು. ಠಾಣೆಯಲ್ಲಿ ಪಟ್ಟಿ ಬರೆಯುವವರಿಗೆ ಒಂದು ರೂಢಿಯ ಸಾಲಿದೆ: 'ಆರೋಪಿಯು ದುರುದ್ದೇಶದಿಂದ...' ಆಸಿಫ ಅದನ್ನು ಬರೆದು ತಂದಾಗ ರಾಚಪ್ಪ ಆ ಒಂದು ಪದದ ಮೇಲೆ ಗೆರೆ ಎಳೆದ. ವಂಚನೆಯ ಕಲಮುಗಳನ್ನೂ ಕೈಬಿಟ್ಟ. ಖೊಟ್ಟಿ ದಾಖಲೆಯದಷ್ಟೇ ಉಳಿಯಿತು. ಅದನ್ನು ಬಿಡಲು ಬರುತ್ತಿರಲಿಲ್ಲ, ಬಿಡಬೇಕೆಂದು ಅವನಿಗೆ ಅನ್ನಿಸಲೂ ಇಲ್ಲ. ಪೆನ್ಸಿಲಿನ್ನಿನ ಆ ಒಂದು ಸಾಲು ಜೀವ ತೆಗೆಯಲು ಸಾಕಾಗುತ್ತಿತ್ತು.

ಗೆರೆ ಎಳೆದ ಜಾಗದಲ್ಲಿ ಏನು ಬರೆಯುವುದೆಂದು ಅವನು ತಡವರಿಸಲಿಲ್ಲ. ಇಂಡಿಗೆ ಹೋಗುವ ಜೀಪಿನಲ್ಲಿ ಅಕ್ಕೋರು ತಾವಾಗಿಯೇ ಹೇಳಿದ್ದರು.

ಕಲ್ಮೇಶ ಎನ್ನುವವನು ಗಂಟಲಿನ ಗಡ್ಡೆಗೆ ಚೀಟಿ ಬೇಕೆಂದು ಆಗಸ್ಟಿನಲ್ಲಿ ಮೂರು ಸಲ ಬಂದಿದ್ದ. ಮೂರೂ ಸಲ ಡಾಕ್ಟರು ಇನ್ನೊಂದು ಕೇಂದ್ರದಲ್ಲಿದ್ದರು. ಮೂರನೆಯ ಸಲ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕೂತು ನೀರು ನುಂಗಲಾರದೆ ಲೋಟವನ್ನು ಹಾಗೇ ಇಟ್ಟು ಹೋದ. ನಾಲ್ಕನೆಯ ಸಲ ಅವನ ಹೆಂಡತಿ ಒಬ್ಬಳೇ ಬಂದು, ಇನ್ನು ಚೀಟಿ ಬೇಡವೆಂದು ಹೇಳಿದಳು. ಆಮೇಲೆ ಮೃಣಾಲಿನಿ ಎಂಟು ದಿನ ಸರಿಯಾಗಿ ಊಟ ಮಾಡಲಿಲ್ಲ. ಒಂದು ದಿನ ಅವರ ಕಪಾಟು ಒರೆಸುವಾಗ ತಾಯಿಗೆ ಸೀರೆಯ ಮಡಿಕೆಯಲ್ಲಿ ರಾಜೀನಾಮೆ ಪತ್ರ ಸಿಕ್ಕಿತು. ತಾರೀಖು ಹಾಕಿರಲಿಲ್ಲ.

"ಬಡವರ ಸಲುವಾಗಿ ಮಾಡಿದ್ರು ಅಂತ ಬರೀಬ್ಯಾಡ್ರಿ ಮತ್ತ," ಅಂದಿದ್ದರು ಸಾವಿತ್ರೀಬಾಯಿ. "ಅಷ್ಟ ಪುಣ್ಯವಂತಿ ನಾನಲ್ಲ. ಇನ್ನೊಬ್ಬರು ಹಂಗ ಹೋಗಿದ್ರ ನನ್ನ ಮಗಳು ಆ ಪತ್ರಕ್ಕ ತಾರೀಖು ಹಾಕತಿದ್ಲು. ಡಾಕ್ಟರ ಕೆಲಸಾ ಬಿಟ್ರ ಅಕಿ ಉಳೀತಿದ್ದಿಲ್ರಿ. ಇದನ್ನ ಅಕಿ ಮುಂದ ಹೇಳಬ್ಯಾಡ್ರಿ."

"ನಾ ಹೇಳೂದಿಲ್ರಿ ಅಕ್ಕೋರ," ಎಂದು ರಾಚಪ್ಪ ಮಾತು ಕೊಟ್ಟಿದ್ದ.

ಈಗ ಆ ಮಾತುಗಳನ್ನೇ, ಒಂದಕ್ಷರ ಹೆಚ್ಚುಕಡಿಮೆ ಮಾಡದೆ, ಪಟ್ಟಿಯಲ್ಲಿ ಬರೆದ. ಮೂಲ ಪ್ರತಿ ನ್ಯಾಯಾಲಯಕ್ಕೆ. ಇನ್ನೊಂದು ಪ್ರತಿಯನ್ನು ಲಕೋಟೆಯಲ್ಲಿ ಹಾಕಿ ಆಸಿಫನ ಕೈಗೆ ಕೊಟ್ಟ.

"ಇದು ಯಾರಿಗ್ರಿ ಸಾಹೇಬ್ರ?"

"ಫಿರ್ಯಾದಿಗೆ," ಅಂದ ರಾಚಪ್ಪ. "ನಾ ಹೇಳೂದಿಲ್ಲ ಅಂದೀನಿ, ಬರಿಯೂದಿಲ್ಲ ಅಂದಿಲ್ಲ. ಇವತ್ತ ಗುರುವಾರ. ನಾಳೆ ಡಾಕ್ಟರಬಾಯಿ ಊರಾಗ ಇರತಾರ, ಕೈಯಾಗ ಕೊಟ್ಟ ಬಾ."